ಕಬ್ಬು ಕಚ್ಚಿದ ಬಾಯಿ

೧೯ ಫೆಬ್ರವರಿ ೨೦೨೫, ಬುಧವಾರ

ವಾಕಿಂಗ್, ಪೇಪರ್, ಇಡ್ಲಿ. ಪೇಪರಿನಲ್ಲಿ ಅರ್ಧ ಜಾಹೀರಾತು, ಕಾಲು ಭಾಗ ಸಾವು, ಉಳಿದದ್ದು ಭಾಷಣ. ನನ್ನಾಕೆ ಪಾಂಡೀಶ್ವರಿ ಎಂದಿನಂತೆ ಇಡ್ಲಿಯನ್ನು ಸಾಂಬಾರಿನಲ್ಲಿ ಕಿವುಚಿ ನುಂಗಿದಳು. ಎರಡು ಕಡೆಯೂ ದವಡೆ ಹಲ್ಲು ಹೋಗಿ ನಾಲ್ಕು ವರ್ಷವಾಯಿತು.

ಹತ್ತು ಗಂಟೆಗೆ ಕರೆಂಟ್ ಆಫೀಸಿಗೆಂದು ಹೊರಟವನು ಚಿನ್ನಮನೂರು ಬಸ್ ನಿಲ್ದಾಣದ ಎದುರು ನಿಂತುಬಿಟ್ಟೆ. ಎರಡು ಅಂತಸ್ತಿನ ಎತ್ತರದ ಫ್ಲೆಕ್ಸ್. ಅದರಲ್ಲಿ ಧನಪಾಲ್ ಬಾವ — ಪಾಂಡೀಶ್ವರಿಯ ಅಣ್ಣ, ಕಂಬಂನವರು, ಎಪ್ಪತ್ತಾರು ವಯಸ್ಸು. ತಲೆಗೆ ರುಮಾಲು. ಬಾಯಿಗೆ ಅಡ್ಡ ಕಬ್ಬು. ಹಲ್ಲೆಲ್ಲ ತೋರಿಸಿ ಸಿಪ್ಪೆ ಎಳೆಯುತ್ತಿದ್ದಾರೆ. ಮೇಲೆ ತಮಿಳಿನಲ್ಲಿ ಮೊಳದುದ್ದ ಅಕ್ಷರ: ಮೂರೇ ದಿನದಲ್ಲಿ ಕಳಚದ ಹಲ್ಲು, ಇಂಪ್ಲಾಂಟ್, ಇನ್ನು ಕಬ್ಬೂ ಬೆಣ್ಣೆ. ಕೆಳಗೆ ತೇನಿಯ ಕ್ಲಿನಿಕ್ಕಿನ ಫೋನ್ ನಂಬರ್.

ಮೂರು ದಿನ! ಹುಣ್ಣು ಒಣಗಲೇ ಒಂದು ವಾರ ಬೇಕು. ಮೂಳೆಗೆ ತಿರುಪು ಹೊಡೆದು ಮೂರು ದಿನಕ್ಕೆ ಕಬ್ಬು ಕಡಿಸುತ್ತಾರಂತೆ. ನಾಲ್ಕು ಜನ ತಲೆಯೆತ್ತಿ ನೋಡುತ್ತಿದ್ದರು. ಒಬ್ಬನೂ ನಗಲಿಲ್ಲ.

ಬಿಲ್ ಕಟ್ಟುವುದು ಮರೆತು ಬಂದೆ.

೨೦ ಫೆಬ್ರವರಿ

ಕಂಬಂನಿಂದ ರಾಮರ್ ತೆಂಗಿನಕಾಯಿ ತಂದಿದ್ದ. ಬಾವನ ಚಿಕ್ಕಪ್ಪನ ಮಗ. ಕೇಳಿದೆ, ಬೋರ್ಡ್ ನೋಡಿದೆಯಾ ಎಂದು.

“ನೋಡ್ದೆ ಮಾಮ. ಉತ್ತಮಪಾಳ್ಯದಾಗೂ ಐತೆ, ಕಂಬಂನಾಗೆ ಎರಡು ಐತೆ. ಎಂಎಲ್‌ಎ ಬೋರ್ಡ್‌ಗಿಂತ ದೊಡ್ದು.”

“ನಿಮ್ಮಣ್ಣ ಇಂಪ್ಲಾಂಟ್ ಹಾಕಿಸ್ಕೊಂಡಿದ್ದು ನಿಜವಾ?”

“ಅಯ್ಯ, ಅಣ್ಣಂದು ಹುಟ್ಟಿದ ಹಲ್ಲು. ಬೋರ್ಡ್ ಅಂದ್ರೆ ಬೋರ್ಡೇ. ಸೀರೆ ಅಂಗ್ಡಿ ಬೋರ್ಡಾಗೆ ನಿಂತವ್ಳು ಆ ಸೀರೆ ಕೊಂಡವ್ಳಾ?”

ಕಂಬಂನಲ್ಲಿ ಕನ್ನಡ ಮನೆಮಾತಿನ ನಮ್ಮವರೆಲ್ಲ ಇದನ್ನೇ ಹೇಳುತ್ತಾರಂತೆ. ಸುಳ್ಳು ಎಂದು ಗೊತ್ತು. ಆದರೂ ಹೆಮ್ಮೆ. ಏಕೆಂದರೆ ಆ ಚಿತ್ರ ನಮ್ಮ ಮಾಟ್ಟು ಪೊಂಗಲ್‌ನದು, ದನದ ಹಬ್ಬದ್ದು. ಬಾವನ ಮನೆತನದ ಪದ್ಧತಿ — ಅಂದು ಮನೆಯ ಎತ್ತಿಗೆ ಮೊದಲ ಕಬ್ಬನ್ನು ಹಿರಿಯನೇ ಹಲ್ಲಿನಿಂದ ಸಿಪ್ಪೆ ಸುಲಿದು ತಿನ್ನಿಸಬೇಕು. ಕಬ್ಬಿಣ ಸೋಕಬಾರದು. ಹಲ್ಲು ಸೋತವನು ಆ ವರ್ಷವೇ ಮುಂದಿನವನಿಗೆ ಬಿಟ್ಟುಕೊಟ್ಟು ಹಿಂದಿನ ಸಾಲಿಗೆ ಹೋಗಿ ಕೂರಬೇಕು. ಬಾವ ಇಪ್ಪತ್ತು ವರ್ಷದಿಂದ ಬಿಟ್ಟುಕೊಟ್ಟಿಲ್ಲ. ಈ ಜನವರಿಯಲ್ಲಿ ನಾನೂ ಇದ್ದೆ. ಸಿಪ್ಪೆ ಒಂದೇ ಎಳೆತಕ್ಕೆ ಬಂತು, ಹುಡುಗರು ಸಿಳ್ಳೆ ಹೊಡೆದರು. ಯಾರೋ ಮೊಬೈಲಿನಲ್ಲಿ ಹಿಡಿಯುತ್ತಿದ್ದದ್ದೂ ನೆನಪಿದೆ.

ಅಂದರೆ ದೇವರು ಕೊಟ್ಟ ಹಲ್ಲನ್ನು ತಮ್ಮ ಸರಕೆಂದು ಮಾರುತ್ತಿದ್ದಾರೆ. ಮಾರಿಸಿಕೊಂಡವರು ಮೀಸೆ ತಿರುವುತ್ತಿದ್ದಾರೆ. ಹೇಸಿಗೆ.

೨೩ ಫೆಬ್ರವರಿ, ಭಾನುವಾರ

ಮನೆಗೇ ಬಂತು. ಊಟದ ನಡುವೆ ಪಾಂಡೀಶ್ವರಿ ಹೇಳಿದಳು, ತಾನೂ ಆ ಕ್ಲಿನಿಕ್ಕಿಗೆ ಹೋಗುವುದಾಗಿ.

ಬೋರ್ಡ್ ಸುಳ್ಳು, ನಿನ್ನ ಅಣ್ಣನವು ಸ್ವಂತ ಹಲ್ಲು ಎಂದೆ.

“ನಿಮ್ಗೇನ್ ಗೊತ್ತು? ಪೊಂಗಲ್‌ಗೆ ಮುಂಚೆ, ಕಾರ್ತಿಗೆ ತಿಂಗ್ಳಾಗೆ ಕೆಳಗಿನ ಸಾಲು ಪೂರಾ ಹಾಕ್ಸ್ಕೊಂಡಾನೆ. ಯಾರ್ಗೂ ಹೇಳ್ಬ್ಯಾಡ ಅಂತ ನಂಗೊಬ್ಳಿಗೆ ಹೇಳಾನೆ.”

ಒಂದೇ ಬಾಯಿ. ದಾಯಾದಿಗಳಿಗೆ ಹುಟ್ಟಿದ ಹಲ್ಲು, ತಂಗಿಗೆ ಕಟ್ಟಿದ ಹಲ್ಲು. ಎರಡರಲ್ಲಿ ಒಂದು ಸುಳ್ಳು. ತಂಗಿಗೆ ಹೇಳಿದ್ದೇ ಸುಳ್ಳಿರಬೇಕು. ಕ್ಲಿನಿಕ್ಕಿನವರು ಹೇಳಿಕೊಟ್ಟಿರುತ್ತಾರೆ. ಹಾಗೆಂದೆ.

ಅವಳು ತಟ್ಟೆ ಸರಿಸಿದಳು. “ನೆಲಗಡ್ಲೆ ತಿಂದು ಎಷ್ಟು ವರ್ಷ ಆಯ್ತು ಗೊತ್ತಾ? ಮಿಕ್ಸಿಲಿ ಪುಡಿ ಮಾಡ್ಕೊಂಡು ಕೂಸಿನಂಗೆ ನೆಕ್ತೀನಿ. ನಿಮ್ಗೆ ಹಲ್ಲೈತೆ. ಅದುಕ್ಕೆ ನ್ಯಾಯ ಮಾತಾಡ್ತೀರಿ.”

ಎರಡೂ ತಟ್ಟೆ ಎತ್ತಿ ತೊಳೆದಿಟ್ಟೆ.

ಇಂಪ್ಲಾಂಟ್ ಬಗ್ಗೆ ಸಂಜೆಯೆಲ್ಲ ಓದಿದೆ. ಕೆಲಸ ಕೆಟ್ಟದ್ದಲ್ಲ. ಟೈಟಾನಿಯಂ ತಿರುಪನ್ನು ದವಡೆಯ ಮೂಳೆಯಲ್ಲಿ ಕೂರಿಸುತ್ತಾರೆ. ಮೂಳೆ ಅದನ್ನು ಹಿಡಿಯಲು ತಿಂಗಳುಗಟ್ಟಲೆ ಬಿಡುತ್ತಾರೆ. ಶುಗರ್, ಹೊಗೆ ಇದ್ದವರಿಗೆ ಬಹಳ ಎಚ್ಚರ. ಎಲ್ಲ ಪುಸ್ತಕದಲ್ಲೂ ಇದೆ. ಬೋರ್ಡಿನಲ್ಲಿ ಮಾತ್ರ ಇಲ್ಲ. ಪಾಂಡೀಶ್ವರಿಯ ಶುಗರ್ ದೀಪಾವಳಿಯಿಂದ ಇಳಿದೇ ಇಲ್ಲ.

೧ ಮಾರ್ಚ್, ಶನಿವಾರ

ತೇನಿ. ಎಸಿ ಹಾಲ್, ಕೃತಕ ಹೂವು, ಟಿವಿಯಲ್ಲಿ ಬಾವ ಕಬ್ಬು ಕಚ್ಚುತ್ತಲೇ ಇದ್ದಾರೆ. ರಿಸೆಪ್ಷನ್ ಹುಡುಗಿ “ಉಕ್ಕಾರುಂಗಮ್ಮಾ” ಎಂದು ಕೂರಿಸಿದಳು. ಡಾಕ್ಟರ್ ಶಿವಬಾಲನ್ ಹೊರಗೇ ಬಂದ. ಮೂವತ್ತೈದು ಇರಬಹುದು. ಬಂದವನೇ ತಮಿಳು ಬಿಟ್ಟು ನಮ್ಮ ಮನೆಮಾತು.

“ಬನ್ನಿ ಅತ್ತೆ, ಬನ್ನಿ ಮಾಮ. ನಾನು ನಿಮ್ಮೋನೇ. ನಮ್ಮಪ್ಪನ ಊರು ಬೋಡಿ.”

ಪಾಂಡೀಶ್ವರಿಯ ಮುಖ ಅರಳಿತು. ಮೊಮ್ಮಕ್ಕಳೇ ಆಡದ ಮಾತನ್ನು ಬಿಳಿ ಕೋಟಿನವನು ಆಡಿದ. ಅಷ್ಟು ಸಾಕು. ಮುನ್ನೂರು ನಾನೂರು ವರ್ಷ ಈ ತಮಿಳು ಕಣಿವೆಯಲ್ಲಿ ಅಡುಗೆಮನೆಯಲ್ಲಿ ಕಾಪಾಡಿಕೊಂಡ ಮಾತು, ಹಲ್ಲು ಕೀಳಲು ಒದಗಿತು.

ಎಕ್ಸ್‌ರೇ. ಮುಂದಿನ ಹಲ್ಲು, ಕೋರೆಹಲ್ಲು ಎಲ್ಲ ಗಟ್ಟಿ ಎಂದು ಅವನೇ ಒಪ್ಪಿದ. ಆದರೂ ಪೂರ್ತಿ ತೆಗೆಯಬೇಕಂತೆ. ಯಾಕೆ ಎಂದೆ.

“ಮಾಮ, ಹಳೇ ಮನೇಲಿ ಒಂದು ಗೋಡೆ ಉಳ್ಸ್ಕೊಂಡು ಹೊಸ ಮನೆ ಕಟ್ತಾರಾ?”

“ಗೋಡೆ ಗಟ್ಟಿ ಇದ್ದರೆ ಕಟ್ಟುತ್ತಾರೆ.”

“ಮಾಮ ತುಂಬ ಓದ್ದೋರು” ಎಂದು ಪಾಂಡೀಶ್ವರಿಯ ಕಡೆ ನಕ್ಕ. ಅವಳೂ ನಕ್ಕಳು. ಶುಗರ್ ಬಗ್ಗೆ ಕೇಳಿದೆ. ಮಾತ್ರೆ ಕೊಟ್ಟು ಇಳಿಸೋಣ ಎಂದ. ಮೂಳೆ ಹಿಡಿಯಲು ಸಮಯ ಬೇಡವೇ ಎಂದೆ. ಇದು ಹೊಸ ಟೆಕ್ನಿಕ್ ಎಂದ. ಹುಡುಗಿಯೊಬ್ಬಳು ಬಂದು ಪಾಂಡೀಶ್ವರಿಯ ಬಾಯಿ ಅಗಲಿಸಿ ವಿಡಿಯೊ ತೆಗೆದಳು. ಕೇಳಲೂ ಇಲ್ಲ. ಸಂತೆಯಲ್ಲಿ ದನದ ಬಾಯಿ ಬಿಡಿಸುವ ಹಾಗೆ.

ಹಲ್ಲು ತೆಗೆಯುವುದು ೨೪ನೇ ತಾರೀಕು, ಸೋಮವಾರ.

೨ ಮಾರ್ಚ್

ನಿದ್ದೆ ಸರಿಯಿಲ್ಲ. ಹಳೆಯದೆಲ್ಲ ನೆನಪು.

ಊರವರ ಹಣ ನುಂಗಿದ ತೇಗದ ಗಿಡದ ಸ್ಕೀಮ್ ಬಂದಾಗ ಮೊದಲು ನಮ್ಮ ಮನೆಮನೆಗೆ ಬಂದವನು ನಮ್ಮವನೇ. ಈಮು ಕೋಳಿ ಬಂದಾಗಲೂ. ಮ್ಯಾಗ್ನೆಟ್ ಹಾಸಿಗೆ — ಮಲಗಿದರೆ ಮಂಡಿನೋವು ಹೋಗುತ್ತದೆ ಎಂದು ವೀರಮ್ಮಾಳ್ ಚಿಕ್ಕಮ್ಮನ ತಲೆಗೆ ಕಟ್ಟಿದವನು ಅವಳ ಅಳಿಯ. ಹೊರಗಿನವನು ಬಂದರೆ ನಾಯಿ ಬಿಡುತ್ತೇವೆ. ನಮ್ಮವನಿಗೆ ಮಣೆ ಹಾಕುತ್ತೇವೆ.

ಬತ್ತಲಗುಂಡು ಸಂತೆಯಲ್ಲಿ ಹಿಂದೆ ಹಲ್ಲು ಕಟ್ಟುವವನೊಬ್ಬ ಕೂರುತ್ತಿದ್ದ. ಗೋಣಿತಾಟು, ಅದರ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ಹಲ್ಲಿನ ರಾಶಿ. ಹೊಲಸು. ಆದರೆ ಅವನು ಯಾರ ಗಟ್ಟಿ ಹಲ್ಲಿಗೂ ಕೈ ಹಾಕುತ್ತಿರಲಿಲ್ಲ.

೧೬ ಮಾರ್ಚ್, ಭಾನುವಾರ

ಎರಡು ವಾರ ಬರೆಯಲಿಲ್ಲ. ಮನೆಯಲ್ಲಿ ಮಾತಿಲ್ಲದೆ ಇಲ್ಲೂ ಮಾತು ಹುಟ್ಟಲಿಲ್ಲ.

ಇಂದು ಕಂಬಂಗೆ ಹೋದೆ. ಉದ್ದೇಶ ಒಂದೇ. ನನ್ನ ಹಲ್ಲು ಹುಟ್ಟಿದ ಹಲ್ಲು, ಬೋರ್ಡ್ ಸುಳ್ಳು ಎಂದು ಬಾವನ ಬಾಯಿಂದಲೇ ಪಾಂಡೀಶ್ವರಿಗೆ ಹೇಳಿಸುವುದು.

ಬಾವನ ಸೊಸೆ ಸರಣ್ಯಾ ಬಾಗಿಲಲ್ಲೇ ತಡೆದಳು. “ಮಾಮಾಗೆ ಮೈ ಸರಿಯಿಲ್ಲೆ. ಯಾರ್ನೂ ಬಿಡ್ಬ್ಯಾಡ ಅಂದಾರೆ.” ಕನ್ನಡ ಅರ್ಧ, ತಮಿಳು ಅರ್ಧ. ನುಗ್ಗಿದೆ.

ಒಳಕೋಣೆಯಲ್ಲಿ ಬಾವ ಬಾಯಿಗೆ ಟವೆಲ್ ಹಿಡಿದು ಕೂತಿದ್ದರು. ಪಕ್ಕದಲ್ಲಿ ಗಂಜಿ ಲೋಟ, ಸ್ಟ್ರಾ. ವಾಸನೆ... ಇಲಿ ಸತ್ತ ಉಗ್ರಾಣದಲ್ಲಿ ಬರುವಂಥದು. ಬೋರ್ಡಿನ ಮುಖಕ್ಕೂ ಇದಕ್ಕೂ ಹತ್ತು ವರ್ಷದ ಅಂತರ.

“ಬಾವ, ನಿಜ ಹೇಳ್ರಿ. ನಿಮ್ಮವು ಸ್ವಂತ ಹಲ್ಲಲ್ವಾ?”

ಟವೆಲ್ ತೆಗೆದರು. ಕೆಳಗಿನ ಸಾಲನ್ನು ನಾಲಿಗೆಯಿಂದ ತಳ್ಳಿ ತೋರಿಸಿದರು. ಇಡೀ ಸಾಲು ಒಟ್ಟಿಗೆ ಅಲ್ಲಾಡಿತು, ತಿರುಗಣಿ ಸಡಿಲಾದ ಗೇಟಿನ ಹಾಗೆ. ಅದರ ಬುಡದಲ್ಲಿ ಕೀವು. ಗಲ್ಲದ ಒಂದು ಕಡೆ ಊದಿ ಹೊಳೆಯುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿದೆ.

ಬೋರ್ಡ್ ಹೇಳಿದ್ದೇ ನಿಜ. ಇಂಪ್ಲಾಂಟೇ. ನಾನು ತಪ್ಪು, ರಾಮರ್ ತಪ್ಪು, ಕಂಬಂನ ನಮ್ಮವರೆಲ್ಲ ತಪ್ಪು.

“ಹಾಗಾದರೆ ಪೊಂಗಲ್ ಕಬ್ಬು?”

“ಮಾಪ್ಳೆ, ಆ ಶಿವಬಾಲನೇ ಬಂದು ಬ್ಲೇಡ್ ಹಾಕಿ ಗೀರಿ ಕೊಟ್ಟ. ಗೀರಿದ್ದು ಕಾಣ್ದಂಗೆ ಬೆಲ್ಲದ ಪಾಕ ಮೆತ್ತಿದ್ದ. ಕಚ್ಬ್ಯಾಡಿ, ಕಚ್ದಂಗೆ ಎಳೀರಿ ಸಾಕು ಅಂದ. ಅವ್ನೇ ಮೊಬೈಲಾಗೆ ಪಡಾ ಹಿಡ್ದ.”

ಆಪರೇಷನ್ ಬ್ಲೇಡು. ಕಬ್ಬಿಣ ಸೋಕದ ಕಬ್ಬಿಗೆ. ಅದನ್ನೇ ಎತ್ತಿಗೆ ತಿನ್ನಿಸಿದರು, ನಾವೆಲ್ಲ ಕೈಮುಗಿದೆವು. ಕಚ್ಚಿದ್ದೇ ಸುಳ್ಳು, ಹಲ್ಲಲ್ಲ.

ಕ್ಲಿನಿಕ್ಕಿಗೆ ಹೋಗಿ ತೋರಿಸಿದ್ದೀರಾ ಎಂದೆ. ಎರಡು ಸಲ ಹೋದರಂತೆ. ಮಾತ್ರೆ ಕೊಟ್ಟು, ಸುರುಟ್ಟು ಸೇದುವುದು ಬಿಡಿ ಎಂದು ಕಳಿಸಿದನಂತೆ. ಹಾಕುವ ಮುಂಚೆ ಸುರುಟ್ಟಿನ ಮಾತೇ ಎತ್ತಿರಲಿಲ್ಲ.

“೨೪ಕ್ಕೆ ನಿಮ್ಮ ತಂಗಿಗೂ ಇದೇ ಮಾಡ್ತಾನೆ. ಗಟ್ಟಿ ಹಲ್ಲೆಲ್ಲ ಕಿತ್ತು. ಒಂದು ಸಲ ಅವಳಿಗೆ ಬಾಯಿ ತೆಗೆದು ತೋರಿಸಿ.”

ಗಂಜಿ ಲೋಟವನ್ನು ಗೋಡೆಯ ಕಡೆ ಸರಿಸಿದರು. “ಅವ್ಳಿಗೆ ತೋರ್ಸಿದ್ರೆ ಬೈಗಾಗೋ ಹೊತ್ಗೆ ರಾಮರ್‌ಗೆ ಗೊತ್ತಾಯ್ತದೆ. ಆಮೇಕೆ ನಾನ್ ಎಲ್ ಕುಂತ್ಕಳ್ಳಿ, ಹಿಂದಿನ ಸಾಲಾಗಾ?”

“ನಿಮ್ಮ ತಂಗಿ ಬಾವ.”

“ಎಲ್ರಿಗೂ ಹಿಂಗಾಗಲ್ಲ. ನಂದು ಸುರುಟ್ಟಿಂದು.”

ಟವೆಲ್ ಮತ್ತೆ ಬಾಯಿಗೆ ಹೋಯಿತು. ಸರಣ್ಯಾ ಕೊಟ್ಟ ಕಾಫಿ ಕುಡಿಯಲಾಗಲಿಲ್ಲ. ವಾಪಸ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ದ್ರಾಕ್ಷಿ ತೋಟ, ನಡುನಡುವೆ ಅದೇ ಬೋರ್ಡ್.

೧೭ ಮಾರ್ಚ್

ಬೆಳಿಗ್ಗೆ ಎಲ್ಲ ಹೇಳಿದೆ. ಗೇಟು, ಕೀವು, ಬ್ಲೇಡು, ಪಾಕ.

ಪಾಂಡೀಶ್ವರಿ ಫೋನ್ ಎತ್ತಿ ಸ್ಪೀಕರ್ ಹಾಕಿದಳು. “ಅಣ್ಣ, ನಿನ್ನ ಹಲ್ಲು ಹೆಂಗೈತೆ?”

ಆ ಕಡೆ ಬಾವ ಗಂಟಲು ಸರಿಮಾಡಿಕೊಂಡು — “ನಂಗೇನ್ ಕಮ್ಮಿ? ಕಲ್ಲು ಕೊಟ್ರೂ ಕಡೀತೀನಿ. ಯಾಕವ್ವ?”

“ಸುಮ್ಕೆ ಕೇಳ್ದೆ.” ಫೋನ್ ಇಟ್ಟಳು. ನನ್ನ ಮುಖ ನೋಡಿದಳು. “ನಂಗೆ ಹಲ್ಲು ಬರೋದು ನಿಮ್ಗೆ ಇಷ್ಟ ಇಲ್ಲ ಅಂದ್ರೆ ಹಂಗೇ ಹೇಳಿ. ನಮ್ಮಣ್ಣನ ಬಾಯಿ ಯಾಕೆ ಹೊಲಸು ಮಾಡ್ತೀರಿ?”

ಟವೆಲ್ ತೆಗೆದು ಮಾತಾಡಿರಬೇಕು. ಅದಕ್ಕೇ ಅಷ್ಟು ಸ್ಪಷ್ಟ.

೨೦ ಮಾರ್ಚ್

ಡೆಂಟಲ್ ಕೌನ್ಸಿಲ್‌ಗೆ ದೂರು ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಉತ್ತರ ಬರುವಷ್ಟರಲ್ಲಿ ನನಗೇ ಹಲ್ಲಿರುವುದಿಲ್ಲ.

ಅವಳು ಶುಗರ್ ಮಾತ್ರೆ ತಪ್ಪದೆ ನುಂಗುತ್ತಿದ್ದಾಳೆ. ಇಷ್ಟು ಶ್ರದ್ಧೆ ನಾನು ಹೇಳಿದಾಗ ಎಂದೂ ಇರಲಿಲ್ಲ. ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡುತ್ತಿದ್ದಳು. ನಾನು ಬಂದದ್ದು ಕಂಡು ತಲೆ ಬಾಚತೊಡಗಿದಳು. ಅವಳ ಮೇಲೆ ಸಿಟ್ಟು ಬರುವುದಿಲ್ಲ. ಬರಬೇಕಾದ ಕಡೆ ಸಾಕಷ್ಟು ಬರುತ್ತಿದೆ.

ನಾನು ಇದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆಯುವುದೇ ಒಳ್ಳೆಯದಾಯಿತು. ಬ್ಯಾಂಕಿನವರು ಕೊಳ್ಳೇಗಾಲಕ್ಕೆ ಹಾಕಿದ್ದಾಗ ಕಲಿತದ್ದು. ನಮ್ಮ ಮನೆಯಲ್ಲಿ ಈ ಮಾತು ಹಿರಿಯರೆಲ್ಲರ ಬಾಯಲ್ಲಿದೆ, ಓದಲು ಒಬ್ಬರಿಗೂ ಬರುವುದಿಲ್ಲ.

ಸರಣ್ಯಾಗೆ ಫೋನ್ ಮಾಡಿದೆ. ಬಾವನಿಗೆ ಜ್ವರ. ಆಸ್ಪತ್ರೆ ಎಂದರೆ ಎದ್ದು ಬಾಗಿಲು ಹಾಕಿಕೊಳ್ಳುತ್ತಾರಂತೆ. ಸೋಮವಾರ ಹತ್ತು ಗಂಟೆಗೆ ತೇನಿಯಲ್ಲಿ ಎಂದು ಅವಳಿಗೂ ಹೇಳಿಟ್ಟೆ. ಅಷ್ಟೇ ನನ್ನಿಂದಾದದ್ದು.

೨೪ ಮಾರ್ಚ್, ಸೋಮವಾರ, ಸಂಜೆ

ಇಂದಿನದನ್ನು ಇಂದೇ ಬರೆದಿಡಬೇಕು.

ಹೊಸ ಸೀರೆ ಉಟ್ಟು ಹೊರಟಳು. ನೀವು ಬರಬೇಡಿ ಎಂದಳು. ಹೋದೆ. ಬಸ್ಸಿನಲ್ಲಿ ಬೇರೆ ಬೇರೆ ಸೀಟು.

ಹತ್ತೂವರೆಗೆ ಒಳಗೆ ಕರೆದರು. ಕುರ್ಚಿಯಲ್ಲಿ ಮಲಗಿಸಿ ಎದೆಗೆ ಹಸಿರು ಬಟ್ಟೆ ಕಟ್ಟಿದರು. ನನ್ನನ್ನು ಬಾಗಿಲ ಗಾಜಿನ ಆಚೆ ನಿಲ್ಲಿಸಿದರು. ಶಿವಬಾಲನ್ ಗ್ಲೌಸ್ ಹಾಕಿಕೊಂಡು ಸಿರಿಂಜ್ ಎತ್ತಿದ್ದ. “ಒಂದು ಇರುವೆ ಕಡ್ದಂಗೆ ಅತ್ತೆ, ಅಷ್ಟೇ.”

ಹಿಂದೆ ಗದ್ದಲ. ರಿಸೆಪ್ಷನ್ ಹುಡುಗಿ “ಅಯ್ಯಾ, ಟೋಕನ್ ವಾಂಗುಂಗ” ಎಂದು ಚೀಟಿ ಚಾಚಿ ಕೂಗುತ್ತಿದ್ದಳು. ಧನಪಾಲ್ ಬಾವ ಸರಣ್ಯಾಳ ಭುಜ ಹಿಡಿದು ಬರುತ್ತಿದ್ದರು. ಹಾಲಿನಲ್ಲಿ ಕಾಯುತ್ತಿದ್ದವರೆಲ್ಲ ಟಿವಿಯನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಒಬ್ಬಳು ಮೂಗು ಮುಚ್ಚಿಕೊಂಡಳು. ಬಾವ ನನ್ನ ಕಡೆ ನೋಡಲೇ ಇಲ್ಲ. ನೇರ ಒಳಗೆ ಹೋಗಿ ಕುರ್ಚಿಯ ಪಕ್ಕ ನಿಂತು ಟವೆಲ್ ತೆಗೆದರು. ಬಾಯಿ ಪೂರ್ತಿ ತೆರೆಯಲಾಗಲಿಲ್ಲ. ಬೆರಳಿನಿಂದ ತುಟಿ ಕೆಳಗೆಳೆದು ತಂಗಿಯ ಮುಖದ ಮೇಲೆ ಬಾಗಿದರು. ಮೇಲಿನ ದೊಡ್ಡ ದೀಪ ನೇರ ಅವರ ಬಾಯೊಳಗೆ.

ಅವಳು ಕಣ್ಣು ಮಿಟುಕಿಸದೆ ನೋಡಿದಳು. ಅಂದು ಕಂಬಂನಲ್ಲಿ ನಾನು ಕಿಟಕಿಗೆ ತಿರುಗಿದ್ದೆ. ಅವಳು ತಿರುಗಲಿಲ್ಲ.

“ಫೋನಾಗೆ ಸುಳ್ಳು ಹೇಳ್ದೆ ಕಣವ್ವ” ಎಂದರು ಬಾವ. ಮಾತಿಗಿಂತ ಜೊಲ್ಲು ಹೆಚ್ಚು. “ಕಬ್ಬಿಗೆ ಬ್ಲೇಡ್ ಹಾಕ್ಸಿದ್ದೂ ನಿಜ. ನಿನ್ ಗಂಡ, ನಮ್ ಮಾಪ್ಳೆ ಹೇಳಿದ್ದೆಲ್ಲ ನಿಜ.”

ಶಿವಬಾಲನ್ ಗಡಿಬಿಡಿಯಿಂದ ತಮಿಳಿಗೆ ತಿರುಗಿದ. ಇದು ಬೇರೆ ಕೇಸ್, ಪೇಷಂಟ್ ಸಹಕರಿಸಲಿಲ್ಲ, ಸ್ಮೋಕರ್, ಇತ್ಯಾದಿ. ಮನೆಮಾತು ಎಲ್ಲಿ ಹೋಯಿತೋ.

ಪಾಂಡೀಶ್ವರಿ ಹಸಿರು ಬಟ್ಟೆ ಬಿಚ್ಚಿ ಕೆಳಗಿಳಿದಳು. ಅಣ್ಣನ ತೋಳು ಹಿಡಿದು ಅದೇ ಕುರ್ಚಿಯಲ್ಲಿ ಕೂರಿಸಿದಳು.

“ಡಾಕ್ಟ್ರಪ್ಪ, ಮೊದ್ಲು ಇವನ್ದು ತೆಗಿ. ನೀನ್ ಹಾಕಿದ್ದು ನೀನೇ ತೆಗಿ. ನಂದು ಆಮೇಕೆ ನೋಡನ.”

“ಅತ್ತೆ, ಇನ್ಫೆಕ್ಷನ್ ಮೂಳೆಗೆ ಇಳಿದಂಗೈತೆ, ಇಲ್ಲಿ ಆಗಲ್ಲ, ಮದುರೆಗೆ...”

“ಮೂರು ದಿನ್ದಾಗೆ ಹಾಕೋಕೆ ಇಲ್ಲಿ ಆಯ್ತದೆ. ತೆಗೆಯೋಕೆ ಮದುರೆನಾ?”

ಅವನು ಗ್ಲೌಸ್ ಬಿಚ್ಚತೊಡಗಿದ. ಹಾಲಿನಲ್ಲಿ ಮೂಗು ಮುಚ್ಚಿದ್ದ ಹೆಂಗಸು ಎದ್ದು ಚಪ್ಪಲಿ ಹಾಕಿಕೊಂಡಳು. ಅವಳ ಹಿಂದೆ ಇನ್ನಿಬ್ಬರು. ಉಳಿದವರು ಕೂತೇ ಇದ್ದರು. ಅದನ್ನೂ ಬರೆದಿಡುತ್ತೇನೆ — ಕಣ್ಣಾರೆ ಕಂಡೂ ಕೂತೇ ಇದ್ದರು, ಟೋಕನ್ ಹಿಡಿದು.

ಕಾರು ಮಾಡಿಕೊಂಡು ನಾಲ್ವರೂ ಮದುರೆಗೆ. ಬಂದ ಕೂಡಲೇ ಅಡ್ಮಿಟ್. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

೨೭ ಮಾರ್ಚ್, ಮದುರೆ

ನಿನ್ನೆ ಆಪರೇಷನ್. ತಿರುಪು ಎಲ್ಲ ತೆಗೆದರು. ಸತ್ತ ಮೂಳೆ ಕೆರೆದು ತೆಗೆದರು. ಕೆಳಗಿನ ದವಡೆಯ ಒಂದು ಪಕ್ಕ ಬಹಳ ತೆಳುವಾಗಿದೆಯಂತೆ. ಇನ್ನು ಹಲ್ಲಿನ ಮಾತೇ ಇಲ್ಲ. ದವಡೆ ಮುರಿಯದಿದ್ದರೆ ಸಾಕು.

ಡಾಕ್ಟರ್ ತಮಿಳರಸಿ, ಐವತ್ತು ದಾಟಿದವರು, ಕಡಿಮೆ ಮಾತು. ಇಂಪ್ಲಾಂಟೇ ಮೋಸ ಅಲ್ಲವೇ ಎಂದು ಕೇಳಿದೆ. ಅಲ್ಲ ಎಂದರು. ತಾವೇ ದಿನಾ ಹಾಕುತ್ತಾರಂತೆ. “ಯಾರಿಗೆ ಹಾಕಬಾರದು ಅಂತ ಗೊತ್ತಿರಬೇಕು. ಗೊತ್ತಿದ್ದೂ ಹಾಕಿದರೆ ಅದಕ್ಕೆ ಬೇರೆ ಹೆಸರು.” ಆ ಹೆಸರು ಏನೆಂದು ಹೇಳಲಿಲ್ಲ. ನಾನು ಮನಸ್ಸಿನಲ್ಲೇ ಮೂರು ನಾಲ್ಕು ಹೇಳಿಕೊಂಡೆ, ಎಲ್ಲ ಮನೆಮಾತಿನಲ್ಲಿ.

ಪಾಂಡೀಶ್ವರಿ ಅಣ್ಣನಿಗೆ ಚಮಚದಲ್ಲಿ ಗಂಜಿ ಹಾಕುತ್ತಾಳೆ, ಬೈಯುತ್ತಾಳೆ, ಒರೆಸುತ್ತಾಳೆ. ಬಾವ ಕಣ್ಣು ಮುಚ್ಚಿಕೊಂಡು ಎರಡನ್ನೂ ನುಂಗುತ್ತಾರೆ.

೬ ಏಪ್ರಿಲ್, ಭಾನುವಾರ

ಕಂಬಂ. ಬಾವ ಮನೆಗೆ ಬಂದು ಮೂರು ದಿನ. ಇಂದು ರಾಮರ್ ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಹೇಗಿದ್ದೀರಿ ಎಂದು ಕೇಳುತ್ತಾರೆ ಅಂದುಕೊಂಡೆ. ಕುಳಿತವರು ನನ್ನ ಕಡೆ ತಿರುಗಿದರು.

“ಮಾಮ, ನೀವು ಓದ್ದೋರು. ಟೈಟಾನಿಯಂ ಅಂದ್ರೆ ಕಬ್ಬಿಣಾನಾ, ಅಲ್ವಾ?”

ಕಬ್ಬಿಣವಾದರೆ ಪೊಂಗಲ್ ಮೈಲಿಗೆ, ಪ್ರಾಯಶ್ಚಿತ್ತ ಆಗಬೇಕು. ಅಲ್ಲವಾದರೆ ಬ್ಲೇಡಿನ ವಿಷಯ ಮಾತ್ರ ನೋಡಬೇಕು. ಅರ್ಧ ಗಂಟೆ ಇದೇ ಚರ್ಚೆ. ಮೂಳೆ ಕೊಳೆತವನು ಎರಡು ಮಾರು ದೂರದಲ್ಲಿ ಮಲಗಿದ್ದಾನೆ. ಶಿವಬಾಲನ ಹೆಸರನ್ನು ಒಬ್ಬನೂ ಎತ್ತಲಿಲ್ಲ. ನಾನೇ ಎತ್ತಿದೆ. “ಅವ್ನು ನಮ್ ಹುಡ್ಗ ಮಾಮ, ದೊಡ್ದು ಮಾಡ್ಬ್ಯಾಡಿ” ಎಂದರು.

ಬಾವ ಎದ್ದು ಕೂತರು. ಬಟ್ಟೆ ಕಟ್ಟಿದ ಗಲ್ಲ, ಒಂದೊಂದೇ ಮಾತು. “ಕಬ್ಬಿಣ ಸೋಕಿತ್ತು. ಬರೋ ವರ್ಷ ನೀನ್ ಸುಲಿ ರಾಮರ್.” ಮತ್ತೆ ಮಲಗಿದರು.

ಹೊರಡುವಾಗ ರಾಮರ್ ನನ್ನನ್ನು ಹಿತ್ತಲಿಗೆ ಕರೆದ. ದನಿ ತಗ್ಗಿಸಿ — “ಮಾಮ, ನಂಗೂ ಕೆಳಗಿಂದು ಎರಡು ಅಲ್ಲಾಡ್ತವೆ. ಶಿವಬಾಲನ್ ಫೋನ್ ಮಾಡಿದ್ದ. ಬಾ, ಬೋರ್ಡಾಗೂ ನಿನ್ನೇ ಹಾಕ್ತೀನಿ ಅಂದಾನೆ. ಏನ್ಮಾಡ್ಲಿ?”

ಒಳಗೆ ಹೋಗಿ ನಿಮ್ಮಣ್ಣನ ಬಾಯಿ ನೋಡಿ ಬಾ ಎಂದೆ.

೧೨ ಏಪ್ರಿಲ್, ಶನಿವಾರ

ಪಾಂಡೀಶ್ವರಿಯನ್ನು ಕರೆದುಕೊಂಡು ಮದುರೆಗೆ ಹೋಗಿದ್ದೆ. ಬಾವನ ಔಷಧಿಗೆಂದು ಹೋದದ್ದು, ಅವಳೇ ತಮಿಳರಸಿಯವರ ಮುಂದೆ ಹೋಗಿ ಬಾಯಿ ತೆರೆದು ಕೂತಳು. ನನಗೆ ಹೇಳಿರಲಿಲ್ಲ.

ಇರುವ ಹಲ್ಲು ಒಂದನ್ನೂ ಮುಟ್ಟಬಾರದು ಎಂದರು. ಹಿಂದೆ ಎರಡು ಕಡೆ ಇಂಪ್ಲಾಂಟ್ ಹಾಕಬಹುದು, ಶುಗರ್ ಪೂರ್ತಿ ಹತೋಟಿಗೆ ಬಂದಮೇಲೆ. ಬಂದರೂ ಅಪಾಯ ಇಲ್ಲವೆಂದಲ್ಲ. ಅಥವಾ ತೆಗೆದು ಹಾಕುವ ಸೆಟ್. ಅದರಲ್ಲಿ ಗಟ್ಟಿಯದು ಅಗಿಯುವುದು ಕಷ್ಟ. ಯೋಚಿಸಿ ಬನ್ನಿ ಎಂದರು.

ಬಸ್ಸಿನಲ್ಲಿ ಇಂದು ಒಂದೇ ಸೀಟು. ಉಸಿಲಂಪಟ್ಟಿಯಲ್ಲಿ ಬೇಯಿಸಿದ ಕಡಲೆಕಾಯಿ ಕೊಂಡಳು. ಮುಂದಿನ ಹಲ್ಲಿನಲ್ಲೇ ಸಣ್ಣಗೆ ಕೊರೆದು ಕೊರೆದು ತಿಂದಳು. ಒಂದು ಕಾಳಿಗೆ ಒಂದು ಮೈಲಿ. ಅರ್ಧ ನನ್ನ ಕೈಗೆ ಸುರಿದಳು.

ಈಗ ಊಟ ಮುಗಿಸಿ ಬಂದು ಎದುರಿನ ಕುರ್ಚಿಯಲ್ಲಿ ಕೂತಿದ್ದಾಳೆ. ನಾನು ಬರೆಯುವಾಗ ಎಂದೂ ಹೀಗೆ ಕೂತವಳಲ್ಲ.

“ನೀವ್ ಹೇಳಿದ್ದೇ ನಿಜ ಆಯ್ತು” ಎಂದಳು. ಚುಚ್ಚಿದ್ದಲ್ಲ. “ಅದುಕ್ಕೆ ಕೇಳ್ತೀನಿ. ಹಿಂದಿಂದು ಎರಡು ಹಾಕ್ಸ್ಕೊಳ್ಳಲಾ, ಬ್ಯಾಡ್ವಾ? ನೀವ್ ಏನ್ ಹೇಳ್ತೀರೋ ಅದು.”

ಎರಡು ತಿಂಗಳು ಬೇಡ ಎಂದದ್ದು ಸುಲಭವಾಗಿತ್ತು. ಬೇಡ ಎಂದರೆ ಅವಳು ಇನ್ನಿರುವಷ್ಟು ದಿನ ಪುಡಿ ನೆಕ್ಕಬೇಕು. ಹಾಕಿಸಿಕೋ ಎಂದರೆ... ಆ ಗೇಟು ಕಣ್ಣ ಮುಂದೆ ಬರುತ್ತದೆ. ಪುಸ್ತಕ ಎರಡೂ ಕಡೆ ಹೇಳುತ್ತದೆ. ಅವಳು ಕಾಯುತ್ತಿದ್ದಾಳೆ. ಪೆನ್ ಕೆಳಗಿಡಿ ಅನ್ನುತ್ತಿದ್ದಾಳೆ. ಇಟ್ಟು ಹೇಳುತ್ತೇನೆ — ಪಾಂಡೀ, ಶುಗರ್ ಮೊದಲು ಇಳಿಯಲಿ, ಇಳಿದ ಮೇಲೆ ಹಾಕಿಸೋಣ.